‘ಸ್ಟಿಮ್ಯುಲೆಂಟ್ ಅಲ್ಲ’ ಅಂದ ಮಾತ್ರಕ್ಕೆ ಮಾತ್ರೆ ಸೇಫ್ ಆಗುತ್ತಾ?

ಎರಡು ತಿಂಗಳ ಹಿಂದೆ ಒಂದು ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಅವಳ ಮನೆ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಅವನಿಗೆ ಎಡಿಎಚ್‌ಡಿ ಇದೆ ಅಂತ ಡಾಕ್ಟರ್ ಹೇಳಿ ಆಗಷ್ಟೇ ಒಂದು ತಿಂಗಳಾಗಿತ್ತು.

“ಹನ್ನೊಂದು ದಿನ ಕೊಟ್ಟೆ ಕಣೋ. ಏನೂ ವ್ಯತ್ಯಾಸ ಇಲ್ಲ. ಕ್ಯಾಪ್ಸೂಲ್ ನುಂಗಿದ ಮೇಲೆ ಹೊಟ್ಟೆ ತೊಳೆಸುತ್ತೆ ಅಂತಾನೆ. ನಿಲ್ಲಿಸಿಬಿಟ್ಟೆ. ನಿಂದು ಅದ್ಯಾವುದೋ ಮೊದಲ ದಿನವೇ ಕೆಲಸ ಮಾಡ್ತಲ್ಲ, ಅದನ್ನೇ ಕೇಳೋಣ ಅಂದ್ರೆ ಅದು ಡ್ರಗ್ಸ್ ಥರ ಅಂತೆ, ಸ್ಟಿಮ್ಯುಲೆಂಟ್ ಅಂತೆ. ಇದು ಸ್ಟಿಮ್ಯುಲೆಂಟ್ ಅಲ್ಲ, ಸೇಫು ಅಂದ್ರು. ಸೇಫು ಸರಿ, ಕೆಲಸ ಮಾಡಬೇಡ್ವಾ?”

ಡ್ರಗ್ಸ್ ಥರ ಅಂದವರು ಯಾರು ಅಂತ ಕೇಳಿದೆ. ಮೆಡಿಕಲ್ ಶಾಪಿನವನು, ಆಮೇಲೆ ಅಮ್ಮಂದಿರ ವಾಟ್ಸಾಪ್ ಗುಂಪು.

ಆ ಕರೆಯಲ್ಲಿ ಎಷ್ಟು ಗೋಜಲಿತ್ತೆಂದರೆ ಫೋನಿನಲ್ಲಿ ಬಿಡಿಸಲು ಆಗಲಿಲ್ಲ. ಮರುದಿನ ಅವಳಿಗೆ ಬರೆದು ಕಳಿಸೋಣ ಅಂತ ಕೂತೆ. ಅದು ಉದ್ದವಾಗುತ್ತಾ ಹೋಗಿ ಈ ಲೇಖನವಾಯಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಓದಿದ್ದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್, ಅದೂ ನಾಲ್ಕು ವರ್ಷದ್ದನ್ನು ಐದೂವರೆ ವರ್ಷ. ‘ತಲೆ ಇದೆ, ಸೋಮಾರಿ’ ಅನ್ನೋ ಸರ್ಟಿಫಿಕೇಟು ಮನೆಯಲ್ಲೂ ಕಾಲೇಜಿನಲ್ಲೂ ಸಿಕ್ಕಿತ್ತು. ಎಡಿಎಚ್‌ಡಿ ಅನ್ನೋ ಹೆಸರು ಸಿಕ್ಕಿದ್ದು 34ನೇ ವಯಸ್ಸಿನಲ್ಲಿ. ಅಲ್ಲಿಂದೀಚೆಗೆ ಎರಡೂ ಬಗೆಯ ಮಾತ್ರೆ ನುಂಗಿದ್ದೇನೆ: ಮೊದಲ ಮೂರು ತಿಂಗಳು ಅಕ್ಕನ ಮಗನಿಗೆ ಕೊಟ್ಟಿರುವ ಅಟೊಮಾಕ್ಸೆಟಿನ್, ಆಮೇಲೆ ಈವರೆಗೆ ಮಿಥೈಲ್‌ಫೆನಿಡೇಟ್. ಎರಡನೆಯದರ ಬಗ್ಗೆ “ಮೊದಲ ದಿನವೇ ತಲೆಯೊಳಗಿನ ಐದು ರೇಡಿಯೋದಲ್ಲಿ ನಾಲ್ಕು ಆಫ್ ಆಯ್ತು” ಅಂತ ಹಬ್ಬದ ಊಟದ ಹೊತ್ತಲ್ಲಿ ದೊಡ್ಡದಾಗಿ ಕೊಚ್ಚಿಕೊಂಡಿದ್ದೆ. ಅಕ್ಕ ಹನ್ನೊಂದೇ ದಿನಕ್ಕೆ ತಾಳ್ಮೆ ಕಳೆದುಕೊಂಡಿದ್ದರಲ್ಲಿ ನನ್ನ ಪಾಲೂ ಇದೆ.

ಕುಣಿಯೋ ಮಗುವಿಗೆ ಉತ್ತೇಜಕ ಯಾಕೆ?

ಸ್ಟಿಮ್ಯುಲೆಂಟ್ ಅನ್ನೋದನ್ನು ಕನ್ನಡದಲ್ಲಿ ‘ಉತ್ತೇಜಕ’ ಅಂತ ಬರೀತೀವಿ. ಆ ಪದ ಕಿವಿಗೆ ಬಿದ್ದರೆ ಓಟದ ಪಂದ್ಯದಲ್ಲಿ ಸಿಕ್ಕಿಬಿದ್ದ ಕ್ರೀಡಾಪಟು ನೆನಪಾಗುತ್ತಾನೆ, ಇಲ್ಲವೇ ಪೊಲೀಸರು ಹಿಡಿದ ರೇವ್ ಪಾರ್ಟಿ. ಮೊದಲೇ ಒಂದು ಕಡೆ ನಿಲ್ಲದ ಮಗುವಿಗೆ ಉತ್ತೇಜಕ ಕೊಡೋದು ಅಂದರೆ ಉರಿಯೋ ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ ಕೇಳಿಸುತ್ತೆ. ಅಕ್ಕನ ಗುಂಪಿನ ಅಮ್ಮಂದಿರು ಹೆದರಿದ್ದರಲ್ಲಿ ತಪ್ಪಿಲ್ಲ.

ಮೊದಲು ಕೊಟ್ಟವರಿಗೂ ಇದು ಆಶ್ಚರ್ಯವೇ ಆಗಿತ್ತು. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಮಕ್ಕಳ ಆಸ್ಪತ್ರೆಯೊಂದನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಚಾರ್ಲ್ಸ್ ಬ್ರಾಡ್ಲಿ, ಬೆನ್ನುಹುರಿಯ ದ್ರವ ತೆಗೆದು ಮಾಡುವ ಒಂದು ಪರೀಕ್ಷೆಯ ನಂತರ ಮಕ್ಕಳಿಗೆ ಬರುತ್ತಿದ್ದ ವಿಪರೀತ ತಲೆನೋವಿಗೆ ಪರಿಹಾರ ಹುಡುಕುತ್ತಾ ಬೆಂಜೆಡ್ರಿನ್ ಎಂಬ ಆಂಫೆಟಮೈನ್ ಮಾತ್ರೆ ಕೊಟ್ಟ. ತಲೆನೋವಿಗೆ ಅದು ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಆದರೆ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಕೂತು ಪಾಠ ಮಾಡತೊಡಗಿದರು. 1937ರಲ್ಲಿ ಅವನು ಪ್ರಕಟಿಸಿದ ವರದಿಯಲ್ಲಿ 30 ಮಕ್ಕಳಿದ್ದರು. ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳ ಓದಿನಲ್ಲಿ ಎದ್ದು ಕಾಣುವ ಸುಧಾರಣೆ ಇತ್ತು. ಆ ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಅಂತ ಹೆಸರಿಟ್ಟಿದ್ದರಂತೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪನಿಝಾನ್ ಮಿಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿಯನ್ನು ರೀಟಾ ಅಂತ ಕರೆಯುತ್ತಿದ್ದ, ಮಾತ್ರೆಗೆ ರಿಟಾಲಿನ್ ಅಂತ ಹೆಸರಾಯಿತು.

ಇಲ್ಲಿ ಒಂದು ಭ್ರಮೆಯನ್ನೂ ಒಡೆಯಬೇಕು. “ಮಾತ್ರೆ ತಗೊಂಡ ಮೇಲೆ ಶಾಂತವಾದ ಅಂದ್ರೆ ಎಡಿಎಚ್‌ಡಿ ಇದೆ ಅಂತಲೇ ಅರ್ಥ” ಅನ್ನುವ ಮಾತು ಓದಿಕೊಂಡವರ ಬಾಯಲ್ಲೂ ಬರುತ್ತೆ. 1978ರಲ್ಲಿ ಅಮೆರಿಕದ ಜುಡಿತ್ ರಪೊಪೋರ್ಟ್ ತಂಡ ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಒಂದೊಂದು ಡೋಸ್ ಆಂಫೆಟಮೈನ್ ಕೊಟ್ಟು ನೋಡಿತು. ಅವರ ಓಡಾಟವೂ ಕಡಿಮೆಯಾಯಿತು, ಗಮನವೂ ಹೆಚ್ಚಿತು. ಸಣ್ಣ ಪ್ರಮಾಣದಲ್ಲಿ ಈ ಔಷಧ ಯಾರಿಗೆ ಕೊಟ್ಟರೂ ಮಾಡೋದು ಹೆಚ್ಚುಕಮ್ಮಿ ಅದನ್ನೇ. ಹಾಗಾಗಿ ಮಾತ್ರೆ ಕೊಟ್ಟು ಕಾಯಿಲೆ ಪತ್ತೆ ಹಚ್ಚೋಕೆ ಆಗಲ್ಲ. ಚಿಕ್ಕಂದಿನಿಂದ ಮನೆಯಲ್ಲೂ ಶಾಲೆಯಲ್ಲೂ ಹೇಗಿದ್ದ ಅಂತ ಕೂತು ಕೇಳಿ ತಿಳಿಯಬೇಕು, ಬೇರೆ ದಾರಿಯಿಲ್ಲ.

ಎರಡು ಪಂಪು

ಈಗ ನನಗೆ ಇಷ್ಟವಾದ ಭಾಗ. ಮಿದುಳಿನಲ್ಲಿ ಎರಡು ನರಕೋಶಗಳ ನಡುವೆ ಬಹಳ ಸಣ್ಣ ಸಂದಿ ಇರುತ್ತೆ. ಈಚೆ ಕೋಶ ಆ ಸಂದಿಗೆ ಡೋಪಮೈನ್ ಅಥವಾ ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕ ಸುರಿಯುತ್ತೆ, ಆಚೆ ಕೋಶ ಗ್ರಹಿಸುತ್ತೆ. ಸುರಿದದ್ದನ್ನು ಈಚೆ ಕೋಶವೇ ಮತ್ತೆ ಒಳಗೆಳೆದುಕೊಳ್ಳುತ್ತೆ. ಎಳೆದುಕೊಳ್ಳುವ ಪಂಪುಗಳು ಎರಡು ಬಗೆ. ಡೋಪಮೈನಿಗೆ ಒಂದು, ನಾರ್‌ಎಪಿನೆಫ್ರಿನ್‌ಗೆ ಇನ್ನೊಂದು.

ಮಿಥೈಲ್‌ಫೆನಿಡೇಟ್ ಎರಡೂ ಪಂಪಿಗೆ ಬಟ್ಟೆ ತುರುಕುತ್ತೆ. ಸುರಿದದ್ದು ಸಂದಿಯಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತೆ. ಆಂಫೆಟಮೈನ್ ಅದರ ಜೊತೆಗೆ ಪಂಪನ್ನು ಹಿಮ್ಮುಖವಾಗಿ ಓಡಿಸಿ, ಒಳಗಿನ ದಾಸ್ತಾನನ್ನೂ ಹೊರಗೆ ಹಾಕಿಸುತ್ತೆ. ಇವೆರಡೂ ಸ್ಟಿಮ್ಯುಲೆಂಟ್ ಗುಂಪು.

ಅಟೊಮಾಕ್ಸೆಟಿನ್ ಮುಟ್ಟೋದು ನಾರ್‌ಎಪಿನೆಫ್ರಿನ್ ಪಂಪನ್ನು ಮಾತ್ರ. ಹಾಗಾದರೆ ಡೋಪಮೈನಿಗೆ ಏನೂ ಆಗಲ್ವಾ? ಆಗುತ್ತೆ, ಅದೇ ಇದರ ಮಜಾ. ಹಣೆಯ ಹಿಂದಿನ ಮಿದುಳಿನ ಭಾಗದಲ್ಲಿ, ಅಂದರೆ ಯೋಜನೆ ಹಾಕೋದು, ತಡೆದು ನಿಲ್ಲೋದು ಇಂಥ ಕೆಲಸ ನಡೆಯುವ ಕಡೆ, ಡೋಪಮೈನಿನ ಸ್ವಂತ ಪಂಪುಗಳು ತೀರಾ ಕಡಿಮೆ. ಅಲ್ಲಿ ಡೋಪಮೈನ್ ಪಕ್ಕದ ಮನೆಯ ಪೈಪಿನಲ್ಲೇ, ಅಂದರೆ ನಾರ್‌ಎಪಿನೆಫ್ರಿನ್ ಪಂಪಿನಲ್ಲೇ ವಾಪಸ್ ಹೋಗುತ್ತೆ. ಆ ಪೈಪು ಮುಚ್ಚಿದರೆ ಎರಡೂ ನಿಲ್ಲುತ್ತವೆ. ಆದರೆ ಖುಷಿ, ಬಯಕೆಗೆ ಸಂಬಂಧಿಸಿದ ಮಿದುಳಿನ ಆಳದ ಭಾಗದಲ್ಲಿ ಡೋಪಮೈನಿಗೆ ಅದರದ್ದೇ ಪಂಪು ಧಾರಾಳವಾಗಿದೆ. ಅಲ್ಲಿ ಅಟೊಮಾಕ್ಸೆಟಿನ್‌ನಿಂದ ಡೋಪಮೈನ್ ಮಟ್ಟ ಹೆಚ್ಚೇನೂ ಬದಲಾಗಲ್ಲ. ಅದಕ್ಕೇ ಅದನ್ನು ಎಷ್ಟು ನುಂಗಿದರೂ ‘ಕಿಕ್’ ಇಲ್ಲ, ಚಟದ ಭಯ ಇಲ್ಲ, ಕದ್ದು ಮಾರುವವರೂ ಇಲ್ಲ. ‘ಸ್ಟಿಮ್ಯುಲೆಂಟ್ ಅಲ್ಲ’ ಅನ್ನೋ ಹಣೆಪಟ್ಟಿಗೆ ನಿಜವಾದ ಅರ್ಥ ಇಷ್ಟೇ. ಅದು ಅಡ್ಡಪರಿಣಾಮ ಇಲ್ಲ ಅಂತ ಕೊಟ್ಟ ಪ್ರಮಾಣಪತ್ರ ಅಲ್ಲ.

ಹಾಗಂತ ಸ್ಟಿಮ್ಯುಲೆಂಟ್ ನುಂಗಿದ ಮಗು ಚಟಕ್ಕೆ ಬೀಳುತ್ತೆ ಅಂತಲೂ ಅಲ್ಲ. ಚಟದಲ್ಲಿ ಡೋಪಮೈನ್ ಎಷ್ಟು ಏರಿತು ಅನ್ನೋದರಷ್ಟೇ ಎಷ್ಟು ಬೇಗ ಏರಿತು ಅನ್ನೋದೂ ಮುಖ್ಯ. ಪುಡಿ ಮಾಡಿ ಮೂಗಿಗೆ ಏರಿಸುವವನಿಗೂ, ಬೆಳಗ್ಗೆ ಇಡ್ಲಿ ತಿಂದು ಮಾತ್ರೆ ನುಂಗಿ ನಿಧಾನಕ್ಕೆ ಅದರ ಪರಿಣಾಮ ಪಡೆಯುವ ಮಗುವಿಗೂ ಅಜಗಜಾಂತರ. ಎಡಿಎಚ್‌ಡಿ ಇರುವವರು ಕುಡಿತ, ಡ್ರಗ್ಸ್‌ಗೆ ಬೀಳುವ ಸಾಧ್ಯತೆ ಇತರರಿಗಿಂತ ಹೆಚ್ಚು ಅನ್ನೋದು ನಿಜ. ಆದರೆ ಚಿಕಿತ್ಸೆ ಆ ಸಾಧ್ಯತೆಯನ್ನು ಹೆಚ್ಚಿಸಿದ್ದನ್ನು ದೊಡ್ಡ ಅಧ್ಯಯನಗಳು ಕಂಡಿಲ್ಲ.

ಗಂಟೆಯ ಲೆಕ್ಕ, ವಾರದ ಲೆಕ್ಕ

ಅಕ್ಕ ಎಡವಿದ್ದು ಇಲ್ಲಿ.

ಸಾಮಾನ್ಯ ಮಿಥೈಲ್‌ಫೆನಿಡೇಟ್ ಮಾತ್ರೆ ನುಂಗಿದ ಅರ್ಧ, ಮುಕ್ಕಾಲು ಗಂಟೆಗೆ ಕೆಲಸ ಶುರುಮಾಡಿ 3-4 ಗಂಟೆಗೆ ಮುಗಿಸುತ್ತೆ. ಇದು ಸ್ವಿಚ್ಚು. ಡೋಸ್ ಸರಿಯಿದೆಯೋ ಇಲ್ಲವೋ ಕೆಲವೇ ದಿನದಲ್ಲಿ ತಿಳಿಯುತ್ತೆ. ದಿನಕ್ಕೆ ಎರಡು ಮೂರು ಸಲ ನುಂಗೋದು ಮರೆಯುವವರಿಗೆ (ಇಲ್ಲಿ ಮರೆಯದವರು ಯಾರು ಸ್ವಾಮಿ?) ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಗಳಿವೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕನ್ಸರ್ಟಾ ಎಂಜಿನಿಯರುಗಳಿಗೆ ಇಷ್ಟವಾಗುವ ಮಾತ್ರೆ. ಹೊರಗಿನ ಲೇಪನದಲ್ಲಿ 22 ಶೇಕಡಾ ಔಷಧ, ಅದು ತಕ್ಷಣ ಕರಗುತ್ತೆ. ಒಳಗೆ ನೀರು ಹೀರಿ ಉಬ್ಬುವ ಒಂದು ಪದರ. ಅದು ಉಬ್ಬುತ್ತಾ, ಲೇಸರ್‌ನಿಂದ ಕೊರೆದ ಒಂದೇ ಒಂದು ಸಣ್ಣ ತೂತಿನ ಮೂಲಕ ಉಳಿದ ಔಷಧವನ್ನು 10-12 ಗಂಟೆ ಒಂದೇ ಸಮ ಹೊರತಳ್ಳುತ್ತೆ. ಖಾಲಿ ಚಿಪ್ಪು ಮರುದಿನ ಮಲದಲ್ಲಿ ಹಾಗೇ ಬರುತ್ತೆ. ‘ಮಾತ್ರೆ ಕರಗಲೇ ಇಲ್ಲ’ ಅಂತ ಗಾಬರಿಯಾಗಬೇಕಿಲ್ಲ. ಜಗಿಯಬಾರದು, ಮುರಿಯಬಾರದು ಅನ್ನೋದು ಇದಕ್ಕೇ.

ಸ್ವಿಚ್ಚು ಅಂದ ಮೇಲೆ ಆಫ್ ಆಗುವ ಹೊತ್ತೂ ಇರುತ್ತೆ. ಪರಿಣಾಮ ಇಳಿಯುವಾಗ ಕೆಲವು ಮಕ್ಕಳು ಸಂಜೆ ಸಿಡಿಮಿಡಿ ಆಗ್ತಾರೆ, ಸಣ್ಣದಕ್ಕೆ ಅಳ್ತಾರೆ. ನನಗೂ ಸಂಜೆ ಐದೂವರೆಗೆ ಹಾಗಾಗುತ್ತೆ. ಆ ಹೊತ್ತಲ್ಲಿ ಎಡಿಟರ್ ಫೋನ್ ಎತ್ತಲ್ಲ.

ಅಟೊಮಾಕ್ಸೆಟಿನ್ ಸ್ವಿಚ್ಚಲ್ಲ. ಅದು ಪಂಪನ್ನು ಮುಚ್ಚೋದು ಮೊದಲ ದಿನವೇ ಆದರೂ, ಮಿದುಳು ಆ ಹೊಸ ಸ್ಥಿತಿಗೆ ಹೊಂದಿಕೊಂಡು ವರ್ತನೆಯಲ್ಲಿ ವ್ಯತ್ಯಾಸ ಕಾಣಲು 4ರಿಂದ 6 ವಾರ ಬೇಕು. ಪೂರ್ತಿ ಪರಿಣಾಮಕ್ಕೆ ಕೆಲವರಿಗೆ 12 ವಾರವೂ ಹಿಡಿಯುತ್ತೆ. ಆಮೇಲೆ ಅದು ದಿನವಿಡೀ ಇರುತ್ತೆ, ಬೆಳಗ್ಗೆ ಹಾಸಿಗೆ ಬಿಟ್ಟೇಳುವ ಯುದ್ಧದ ಹೊತ್ತಲ್ಲೂ, ರಾತ್ರಿ ಊಟದ ಹೊತ್ತಲ್ಲೂ.

ಜೊತೆಗೆ ಡೋಸಿನ ಲೆಕ್ಕ. ಮಿಥೈಲ್‌ಫೆನಿಡೇಟ್ ಅನ್ನು ಸಣ್ಣದರಿಂದ ಶುರುಮಾಡಿ, ಪರಿಣಾಮ ನೋಡುತ್ತಾ ಏರಿಸುತ್ತಾರೆ. ದೊಡ್ಡ ದೇಹಕ್ಕೆ ದೊಡ್ಡ ಡೋಸ್ ಬೇಕು ಅಂತೇನಿಲ್ಲ. ಅಟೊಮಾಕ್ಸೆಟಿನ್ ಮಕ್ಕಳಿಗೆ ತೂಕದ ಮೇಲೆ: ದಿನಕ್ಕೆ ಕಿಲೋಗೆ ಸುಮಾರು 0.5 ಮಿಲಿಗ್ರಾಂನಿಂದ ಶುರುಮಾಡಿ, ಸಾಮಾನ್ಯವಾಗಿ 1.2 ಮಿಲಿಗ್ರಾಂವರೆಗೆ ಒಯ್ಯುತ್ತಾರೆ. ಅಕ್ಕನ ಮಗ 25 ಕಿಲೋ. ಅಂದರೆ ತಲುಪಬೇಕಾದದ್ದು 30 ಮಿಲಿಗ್ರಾಂ ಆಸುಪಾಸು. ಅವಳು ಹನ್ನೊಂದು ದಿನ ಕೊಟ್ಟದ್ದು 10 ಮಿಲಿಗ್ರಾಂ, ಬರೀ ಆರಂಭದ ಮೆಟ್ಟಿಲು. ಔಷಧ ಸೋತಿರಲಿಲ್ಲ, ಇನ್ನೂ ಶುರುವೇ ಆಗಿರಲಿಲ್ಲ. ಹೊಟ್ಟೆ ತೊಳೆಸುವುದು ಮಾತ್ರ ಮೊದಲ ದಿನದಿಂದಲೇ ಬರುತ್ತೆ. ತೊಂದರೆ ಮೊದಲು, ಲಾಭ ಆಮೇಲೆ. ಈ ಒಂದು ವಿಷಯವನ್ನು ಚೀಟಿಯ ಮೇಲೆ ಎರಡು ಸಾಲು ಕನ್ನಡದಲ್ಲಿ ಬರೆದು ಕೊಟ್ಟರೆ ಎಷ್ಟು ಮನೆಗಳಲ್ಲಿ ಅರ್ಧಕ್ಕೆ ನಿಂತ ಕ್ಯಾಪ್ಸೂಲ್‌ಗಳು ಉಳಿಯುತ್ತಿದ್ದವೋ.

ಸರಿ, ಯಾವುದು ಜಾಸ್ತಿ ಕೆಲಸ ಮಾಡುತ್ತೆ?

2018ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಸಾಮುಯೆಲೆ ಕೊರ್ಟೆಸೆ ಮತ್ತು ಸಂಗಡಿಗರು 133 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ತೂಗಿದರು. ಮಕ್ಕಳಲ್ಲಿ, ಡಾಕ್ಟರುಗಳು ಕೊಟ್ಟ ಅಂಕದ ಪ್ರಕಾರ, ಹುಸಿ ಮಾತ್ರೆಗೆ ಹೋಲಿಸಿದರೆ ಆಂಫೆಟಮೈನ್‌ನ ಪರಿಣಾಮ 1.02, ಮಿಥೈಲ್‌ಫೆನಿಡೇಟ್‌ನದು 0.78, ಅಟೊಮಾಕ್ಸೆಟಿನ್‌ನದು 0.56. ಈ ಅಂಕಿಗಳನ್ನು ನೆಲಕ್ಕಿಳಿಸಿದರೆ ಹೀಗೆ: ಹುಸಿ ಮಾತ್ರೆ ನುಂಗಿದ 100 ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ, ಮಿಥೈಲ್‌ಫೆನಿಡೇಟ್ ನುಂಗಿದ ಸರಾಸರಿ ಮಗು ಅವರಲ್ಲಿ 78 ಮಕ್ಕಳಿಗಿಂತ ಮುಂದೆ ನಿಲ್ಲುತ್ತೆ, ಅಟೊಮಾಕ್ಸೆಟಿನ್ ನುಂಗಿದ ಸರಾಸರಿ ಮಗು 71 ಮಕ್ಕಳಿಗಿಂತ ಮುಂದೆ. ವ್ಯತ್ಯಾಸ ಇದೆ, ಆದರೆ ವಾಟ್ಸಾಪಿನಲ್ಲಿ ಹೇಳುವಷ್ಟಿಲ್ಲ. ದೊಡ್ಡವರಲ್ಲಂತೂ 0.49, 0.45 — ಕೂದಲೆಳೆ. ಆ ತಂಡ ಮಕ್ಕಳಿಗೆ ಮೊದಲು ಮಿಥೈಲ್‌ಫೆನಿಡೇಟ್, ದೊಡ್ಡವರಿಗೆ ಮೊದಲು ಆಂಫೆಟಮೈನ್ ಅಂತ ಹೇಳಿತು. ಇವೆಲ್ಲ ಸುಮಾರು 12 ವಾರದ ಲೆಕ್ಕ ಅನ್ನೋದೂ ನೆನಪಿರಲಿ. ಮಗು ಮಾತ್ರೆ ನುಂಗೋದು ಎಷ್ಟೋ ಸಲ ವರ್ಷಗಟ್ಟಲೆ.

ನನಗೆ ಇದಕ್ಕಿಂತ ಉಪಯುಕ್ತ ಅನ್ನಿಸಿದ್ದು 2008ರ ಒಂದು ಪ್ರಯೋಗ. ಜೆಫ್ರಿ ನ್ಯೂಕಾರ್ನ್ ಮತ್ತು ಸಂಗಡಿಗರು 6ರಿಂದ 16 ವರ್ಷದ 516 ಮಕ್ಕಳಲ್ಲಿ ಎರಡನ್ನೂ ನೇರವಾಗಿ ಎದುರಾಬದುರು ನಿಲ್ಲಿಸಿದರು. ಆರು ವಾರದ ಕೊನೆಗೆ ಸುಧಾರಿಸಿದವರು ಮಿಥೈಲ್‌ಫೆನಿಡೇಟ್‌ನಲ್ಲಿ 56 ಶೇಕಡಾ, ಅಟೊಮಾಕ್ಸೆಟಿನ್‌ನಲ್ಲಿ 45, ಹುಸಿ ಮಾತ್ರೆಯಲ್ಲಿ 24. ಇಲ್ಲಿಗೆ ನಿಲ್ಲಿಸಿದರೆ ಮಿಥೈಲ್‌ಫೆನಿಡೇಟ್ ಗೆದ್ದಿತು. ಆದರೆ ಮಿಥೈಲ್‌ಫೆನಿಡೇಟ್‌ಗೆ ಜಗ್ಗದ 70 ಮಕ್ಕಳಿಗೆ ಆಮೇಲೆ ಅಟೊಮಾಕ್ಸೆಟಿನ್ ಕೊಟ್ಟಾಗ ಅವರಲ್ಲಿ 30 ಮಕ್ಕಳು ಸುಧಾರಿಸಿದರು. ಅಟೊಮಾಕ್ಸೆಟಿನ್‌ಗೆ ಜಗ್ಗದ 69 ಮಕ್ಕಳಲ್ಲಿ 29 ಮಕ್ಕಳಿಗೆ ಅದಕ್ಕೂ ಮೊದಲು ಮಿಥೈಲ್‌ಫೆನಿಡೇಟ್ ಹಿಡಿದಿತ್ತು. ಅಂದರೆ ಇದು ಒಂದೇ ಮೆಟ್ಟಿಲ ಸಾಲಿನ ಮೇಲಿನ, ಕೆಳಗಿನ ಮೆಟ್ಟಿಲುಗಳಲ್ಲ. ಯಾವ ಮಗುವಿಗೆ ಯಾವುದು ಹಿಡಿಯುತ್ತೆ ಅಂತ ಮೊದಲೇ ಹೇಳಬಲ್ಲ ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ಕೊಟ್ಟು ನೋಡಬೇಕು, ಪೂರ್ತಿ ಅವಧಿ ಕೊಟ್ಟು ನೋಡಬೇಕು.

ಸೇಫು ಅಂದ್ರೆ?

ಸ್ಟಿಮ್ಯುಲೆಂಟ್‌ಗಳ ಕಾಟ ಎಲ್ಲರಿಗೂ ಗೊತ್ತಿರುವಂಥದ್ದು. ಮಧ್ಯಾಹ್ನದ ಊಟ ಸೇರಲ್ಲ, ರಾತ್ರಿ ನಿದ್ದೆ ಬರಲ್ಲ, ತಲೆನೋವು, ಹೊಟ್ಟೆನೋವು. ಎದೆಬಡಿತ, ಬಿಪಿ ಸ್ವಲ್ಪ ಏರುತ್ತೆ. ಎತ್ತರವೂ ಸ್ವಲ್ಪ ಕುಗ್ಗಬಹುದು: ಅಮೆರಿಕದಲ್ಲಿ 579 ಮಕ್ಕಳನ್ನು ಸೇರಿಸಿಕೊಂಡ ದೊಡ್ಡ ಅಧ್ಯಯನದ ಮುಂದುವರಿಕೆಯಲ್ಲಿ, ಹೊಸದಾಗಿ ಔಷಧ ಶುರುಮಾಡಿ ಮುಂದುವರಿಸಿದ ಮಕ್ಕಳು ಮೂರು ವರ್ಷದಲ್ಲಿ ಔಷಧ ತೆಗೆದುಕೊಳ್ಳದವರಿಗಿಂತ ಸುಮಾರು 2 ಸೆಂಟಿಮೀಟರ್ ಹಿಂದಿದ್ದರು. ಅದಕ್ಕೇ ಡಾಕ್ಟರು ಪ್ರತಿ ಭೇಟಿಯಲ್ಲೂ ಎತ್ತರ, ತೂಕ, ಬಿಪಿ ನೋಡಬೇಕು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯ ನಿಂತು ಹೋದವರಿದ್ದರೆ ನಾವೇ ಮೊದಲು ಹೇಳಬೇಕು.

‘ಸೇಫು’ ಕ್ಯಾಪ್ಸೂಲಿನ ಕಥೆ ಅಷ್ಟಾಗಿ ಯಾರೂ ಹೇಳಲ್ಲ. ಅಟೊಮಾಕ್ಸೆಟಿನ್ ಕೂಡ ಎದೆಬಡಿತ, ಬಿಪಿ ಏರಿಸುತ್ತೆ, ಹಾಗಾಗಿ ಹೃದಯದ ತೊಂದರೆ ಇರುವವರಿಗೆ ಇದು ತಪ್ಪಿಸಿಕೊಳ್ಳುವ ದಾರಿ ಅಲ್ಲ. ಹಸಿವೆಯನ್ನೂ ಕಡಿಮೆ ಮಾಡುತ್ತೆ. ದೊಡ್ಡವರಲ್ಲಿ ಬಾಯಿ ಒಣಗೋದು, ಗಂಡಸರಲ್ಲಿ ಲೈಂಗಿಕ ತೊಂದರೆ (ನಾನು ಬದಲಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ, ಡಾಕ್ಟರ್ ಹತ್ತಿರ ಬಾಯಿಬಿಡಲು ಆರು ವಾರ ಹಿಡಿಯಿತು). ತೀರಾ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬೀಳುತ್ತೆ: ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ನಿಲ್ಲಿಸಿ ಓಡಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಇದರ ಮೇಲೆ ಅತ್ಯಂತ ಗಂಭೀರ ಬಗೆಯ ಎಚ್ಚರಿಕೆ ಹಾಕಿಸಿತು. ಮಕ್ಕಳ ಪ್ರಯೋಗಗಳಲ್ಲಿ 1000ಕ್ಕೆ ಸುಮಾರು 4 ಮಕ್ಕಳಿಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು, ಹುಸಿ ಮಾತ್ರೆಯವರಲ್ಲಿ ಯಾರಿಗೂ ಬಂದಿರಲಿಲ್ಲ. ಆ ಪ್ರಯೋಗಗಳಲ್ಲಿ ಯಾವ ಮಗುವೂ ಪ್ರಾಣ ಕಳೆದುಕೊಳ್ಳಲಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮೊದಲ ಕೆಲವು ವಾರ, ಡೋಸ್ ಬದಲಾದಾಗ, ಮಗು ಇದ್ದಕ್ಕಿದ್ದಂತೆ ಮಂಕಾದರೆ, ರೇಗಾಡಿದರೆ ‘ವಯಸ್ಸಿನ ಆಟ’ ಅಂತ ಬಿಡದೆ ಡಾಕ್ಟರಿಗೆ ಫೋನ್ ಮಾಡಿ ಅಂತ ಹೇಳುತ್ತಿದ್ದೇನೆ.

ಇನ್ನೆರಡು ಸಣ್ಣ ವಿಷಯ. ಈ ಕ್ಯಾಪ್ಸೂಲನ್ನು ಬಿಚ್ಚಿ ಹಾಲಿಗೆ, ಜೇನಿಗೆ ಬೆರೆಸಬಾರದು; ಪುಡಿ ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಮತ್ತೆ, ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್, ಪರಾಕ್ಸೆಟಿನ್ ಜೊತೆಗಿದ್ದರೆ ಯಕೃತ್ತು ಅಟೊಮಾಕ್ಸೆಟಿನ್ ಅನ್ನು ಬೇಗ ಒಡೆಯಲ್ಲ, ರಕ್ತದಲ್ಲಿ ಅದರ ಮಟ್ಟ ಹಲವು ಪಟ್ಟು ಏರುತ್ತೆ. ಬೇರೆ ಡಾಕ್ಟರ ಚೀಟಿಗಳನ್ನೂ ತೋರಿಸಬೇಕು ಅನ್ನೋದು ಇದಕ್ಕೆ.

ಕ್ಲೋನಿಡಿನ್, ಗ್ವಾನ್‌ಫಸಿನ್ ಅಂತ ಇನ್ನೊಂದು ಜೋಡಿ ಇದೆ, ಮೂಲದಲ್ಲಿ ಬಿಪಿ ಮಾತ್ರೆಗಳು. ನಿದ್ದೆ, ಸಿಟ್ಟು, ಟಿಕ್ಸ್ ಇರುವ ಮಕ್ಕಳಿಗೆ ಕೆಲವೊಮ್ಮೆ ಕೊಡುತ್ತಾರೆ. ಇವು ಬಿಪಿ ಇಳಿಸುತ್ತವೆ, ತೂಕಡಿಕೆ ತರುತ್ತವೆ. ಹೇಳಬೇಕಾದ್ದು ಒಂದೇ: ಅಕ್ಕ ಮಾಡಿದ ಹಾಗೆ ಇವನ್ನು ದಿಢೀರ್ ನಿಲ್ಲಿಸಬಾರದು, ಬಿಪಿ ಒಮ್ಮೆಲೇ ನೆಗೆಯುತ್ತೆ. ಅಟೊಮಾಕ್ಸೆಟಿನ್ ಆದ್ದರಿಂದ ಅವಳು ಬಚಾವ್.

ಮಾತ್ರೆ ಆರಿಸೋದು ಯಾರು?

ಇಷ್ಟೆಲ್ಲ ಓದಿಕೊಂಡು ಅಕ್ಕನ ಜೊತೆ ಡಾಕ್ಟರ ಹತ್ತಿರ ಹೋದೆ. ಪುಸ್ತಕದ ಪ್ರಕಾರ ಮೊದಲು ಮಿಥೈಲ್‌ಫೆನಿಡೇಟ್ ಅಲ್ವಾ, ಇವನಿಗೆ ಯಾಕೆ ಅದಲ್ಲ ಅಂತ ಮೆಲ್ಲಗೆ ಕೇಳಿದೆ. ಅವರು ಚಟದ ಮಾತೆತ್ತಲಿಲ್ಲ, ಮಿದುಳಿನ ಮಾತೂ ಎತ್ತಲಿಲ್ಲ. ಈ ಊರಲ್ಲಿ ಅದು ಸಿಗಲ್ಲ ಅಂದರು. ಬರೆದುಕೊಟ್ಟರೆ ಪ್ರತಿ ತಿಂಗಳು ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು, ಒಂದು ತಿಂಗಳು ತಪ್ಪಿದರೆ ಮಗುವಿಗೆ ಪರೀಕ್ಷೆ ಹೊತ್ತಲ್ಲೇ ಮಾತ್ರೆ ಇಲ್ಲ.

ಇದು ಒಬ್ಬ ಡಾಕ್ಟರ ಸೋಮಾರಿತನ ಅಲ್ಲ. ಮಿಥೈಲ್‌ಫೆನಿಡೇಟ್ ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲೂ ಇದೆ, 1945ರ ಔಷಧ ನಿಯಮಗಳ ಷೆಡ್ಯೂಲ್ ಎಕ್ಸ್‌ನಲ್ಲೂ ಇದೆ. ಷೆಡ್ಯೂಲ್ ಎಕ್ಸ್ ಔಷಧ ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು. ಬೀಗ ಹಾಕಿದ ಬೇರೆ ಕಪಾಟು ಬೇಕು. ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ತಿಂಗಳಿಗೆ ಇಬ್ಬರೋ ಮೂವರೋ ಕೇಳುವ ಮಾತ್ರೆಗಾಗಿ ತಾಲೂಕಿನ ಅಂಗಡಿಯವನು ಇಷ್ಟು ತಲೆನೋವು ಯಾಕೆ ತಗೋತಾನೆ? ಅಟೊಮಾಕ್ಸೆಟಿನ್‌ಗೆ ಈ ರಗಳೆ ಇಲ್ಲ, ಸಾಮಾನ್ಯ ಚೀಟಿ ಸಾಕು.

ವಿಡಿಯೋ ಕಾಲ್‌ನಲ್ಲಿ ಬರೆಸಿಕೊಳ್ಳೋಣ ಅಂದರೆ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಷೆಡ್ಯೂಲ್ ಎಕ್ಸ್ ಔಷಧಗಳನ್ನು ನಿಷೇಧಿತ ಪಟ್ಟಿಯಲ್ಲಿ ಇಟ್ಟಿದೆ. ಮನೋವೈದ್ಯರು ದೂರ ಇರುವ ಊರಿನವರಿಗೇ ವಿಡಿಯೋ ಬೇಕಿದ್ದದ್ದು, ಅವರಿಗೇ ಈ ಬಾಗಿಲು ಮುಚ್ಚಿದೆ. ಆಡರಾಲ್‌ನಂಥ ಆಂಫೆಟಮೈನ್‌ಗಳಂತೂ ಇಲ್ಲಿ ಅಂಗಡಿಗೇ ಬರಲ್ಲ. ಅಮೆರಿಕದಲ್ಲಿ ಹತ್ತು ವರ್ಷ ಅದರ ಮೇಲೆ ನಿಂತಿದ್ದ ನನ್ನ ಸಹಪಾಠಿಯೊಬ್ಬ ವಾಪಸ್ ಬಂದ ಮೇಲೆ ಎಲ್ಲ ಮೊದಲಿನಿಂದ ಶುರುಮಾಡಬೇಕಾಯಿತು.

ಬೆಂಗಳೂರಲ್ಲಿ ಇದ್ದರೆ ಎಲ್ಲ ಸಲೀಸು ಅಂತಲೂ ಅಲ್ಲ. ಕಳೆದ ವರ್ಷ ಒಂದು ತಿಂಗಳು ನನ್ನ ಡೋಸ್ ಎಲ್ಲೂ ಸಿಗದೆ ಆರು ಅಂಗಡಿ ಅಲೆದೆ. ಒಂದು ಕಡೆ ಚೀಟಿಯ ಎರಡನೇ ಪ್ರತಿ ಇಲ್ಲ ಅಂತ ವಾಪಸ್ ಕಳಿಸಿದರು. ಅದನ್ನು ನಾನು ಮನೆಯಲ್ಲಿ ಮರೆತಿದ್ದೆ. ಮರೆಯೋ ಕಾಯಿಲೆಯವನಿಗೆ ಜೋಡಿ ಚೀಟಿ, ತಿಂಗಳ ಭೇಟಿ, ಅಂಗಡಿ ಅಂಗಡಿ ಅಲೆದಾಟ. ಈ ವ್ಯವಸ್ಥೆ ರೂಪಿಸಿದವರಿಗೆ ಹಾಸ್ಯಪ್ರಜ್ಞೆ ಇರಬೇಕು.

ನಿಯಂತ್ರಣವೇ ಬೇಡ ಅಂತ ನಾನು ಹೇಳಲ್ಲ. “ಡೆಡ್‌ಲೈನ್ ಇದೆ, ನಿನ್ನದು ಎರಡು ಮಾತ್ರೆ ಕೊಡು” ಅಂತ ಕೇಳಿದ ಗೆಳೆಯರು ನನಗಿದ್ದಾರೆ. ಆದರೆ ಬೀಗದ ಕಪಾಟು ಜಿಲ್ಲಾ ಆಸ್ಪತ್ರೆಯ ಔಷಧ ಕೌಂಟರಿನಲ್ಲೂ ಇರಬಹುದಲ್ಲ? ನೋಡಿದ, ಗೊತ್ತಿರುವ ರೋಗಿಗೆ ಮುಂದಿನ ತಿಂಗಳ ಚೀಟಿಯನ್ನು ಅದೇ ಡಾಕ್ಟರು ವಿಡಿಯೋದಲ್ಲಿ ನವೀಕರಿಸಲು ಬಿಡಬಹುದಲ್ಲ? ಈಗಿರುವ ಸ್ಥಿತಿಯಲ್ಲಿ ಒಂದು ಮಗುವಿಗೆ ಯಾವ ಔಷಧ ಅನ್ನೋದನ್ನು ಅದರ ಮಿದುಳಿಗಿಂತ ಮೊದಲು ಅದರ ಪಿನ್‌ಕೋಡ್ ನಿರ್ಧರಿಸುತ್ತಿದೆ. ಅದಕ್ಕೆ ‘ಸೇಫು’ ಅನ್ನೋ ಹೆಸರು ಕೊಟ್ಟರೆ ಅಕ್ಕನಂಥವರು ಮೋಸ ಹೋಗುತ್ತಾರೆ, ಇದು ಕೈಕೊಟ್ಟರೆ ಇನ್ನೊಂದನ್ನು ಕೇಳಲೂ ಹೆದರುತ್ತಾರೆ.

ಡಾಕ್ಟರು ಕ್ಯಾಪ್ಸೂಲ್ ಮತ್ತೆ ಶುರುಮಾಡಿಸಿದರು. ಖಾಲಿ ಹೊಟ್ಟೆಗೆ ಬೇಡ, ತಿಂಡಿಯಾದ ಮೇಲೆ. ಡೋಸ್ ಹಂತ ಹಂತವಾಗಿ ಏರಿದೆ. ಶಾಲೆಯಲ್ಲಿ ಟೀಚರ್ ಅವನನ್ನು ಕಿಟಕಿ ಪಕ್ಕದಿಂದ ಮೊದಲ ಬೆಂಚಿಗೆ ತಂದಿದ್ದಾರೆ. ಅಕ್ಕ ಒಂದು ನೋಟ್‌ಬುಕ್ ಇಟ್ಟಿದ್ದಾಳೆ: ಎಷ್ಟು ಹೊತ್ತಿಗೆ ನುಂಗಿದ, ಊಟ ಎಷ್ಟು, ಹೋಮ್‌ವರ್ಕ್‌ಗೆ ಎಷ್ಟು ಸಲ ಎದ್ದ, ಮಲಗಿದ್ದು ಯಾವಾಗ. ಈಗ ಐದನೇ ವಾರ. ಹೊಟ್ಟೆ ತೊಳೆಸೋದು ನಿಂತಿದೆ. ಮೊನ್ನೆ ಬುಧವಾರದ ಸಾಲಿನಲ್ಲಿ ‘ಕ್ಯಾರಂ ಒಂದು ಬೋರ್ಡ್ ಪೂರ್ತಿ ಆಡಿದ’ ಅಂತ ಬರೆದು ಫೋಟೋ ಕಳಿಸಿದ್ದಳು. ಗುರುವಾರದ ಸಾಲಿನಲ್ಲಿ ‘ಚಪ್ಪಲಿ ಕಳಕೊಂಡು ಬಂದ, ಒಂದೇ ಕಾಲಿನದು.’

ಎಂಟನೇ ವಾರದ ಕೊನೆಗೆ ಡಾಕ್ಟರು ನೋಟ್‌ಬುಕ್ ನೋಡಿ ತೀರ್ಮಾನ ಮಾಡುತ್ತೇನೆ ಅಂದಿದ್ದಾರೆ. ಸಾಲದು ಅನ್ನಿಸಿದರೆ ಮಿಥೈಲ್‌ಫೆನಿಡೇಟ್. ಹಾಗಾದರೆ ಅದನ್ನು ತಿಂಗಳಿಗೊಮ್ಮೆ ಒಯ್ಯೋದು ನನ್ನ ಪಾಲಿಗೆ. ಈಗಲೇ ಮೂರು ಅಂಗಡಿಗೆ ಫೋನ್ ಮಾಡಿಟ್ಟಿದ್ದೇನೆ. ಒಂದರಲ್ಲಿ ಸ್ಟಾಕ್ ಇಲ್ಲ, ಇನ್ನೊಂದರಲ್ಲಿ ಪರವಾನಗಿ ನವೀಕರಣ ಆಗಿಲ್ಲ, ಮೂರನೆಯದರಲ್ಲಿ ಚೀಟಿ ತಗೊಂಡು ಬನ್ನಿ, ಆಮೇಲೆ ನೋಡೋಣ ಅಂದರು. ನನ್ನ ಮಾತ್ರೆಯೂ ಈ ಶನಿವಾರಕ್ಕೆ ಮುಗಿಯುತ್ತೆ.